ಎಣ್ಣೆಯ ಮೇಲೆ ಕಾದ ದೋಣಿ

"ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಸಾಕಿದವನಿಗೆ ಏಳರವರೆಗೆ ಎಣಿಸೋಕೆ ಬರುತ್ತೆ ಅಂದ್ಕೊಂಡೆನಲ್ಲ, ತಪ್ಪು ನನ್ನದೇ!"

ವಿಮಾನ ಕಂಪನಿಯ ಏಜೆಂಟ್ ಬ್ರುಂ ಧಣಿ ಇದನ್ನು ಹೇಳಿದ್ದು ನನಗಲ್ಲ, ಧಕ್ಕೆಗೆ. ಓರ್ತಾ ಬಂದರಿನ ಧಕ್ಕೆಯ ಮೇಲೆ ಆ ಮಧ್ಯಾಹ್ನದ ಹೊತ್ತಿಗೆ ಅರ್ಧ ಊರು ನೆರೆದಿತ್ತು. ಮೀನು ಮಾರುವ ಹೆಂಗಸರು, ಸುಂಕದ ಗುಮಾಸ್ತರು, ಸಮುದ್ರದಡಿಯ ತಂತಿ ಆಫೀಸಿನ ಇಬ್ಬರು ಇಂಗ್ಲಿಷರು. ಎಲ್ಲರೂ ನಕ್ಕರು. ಇಂಗ್ಲಿಷರಿಗೆ ಒಂದು ಪದವೂ ಅರ್ಥವಾಗಿರಲಿಲ್ಲ, ಆದರೂ ನಕ್ಕರು.

"ಎಣಿಸು ನೋಡೋಣ, ವಿತಾಲಿನು. ಎಲ್ಲರ ಮುಂದೇನೇ ಎಣಿಸು."

ಟಪಾಲು ಚೀಲಗಳು ನನ್ನ ಕಾಲ ಬುಡದಲ್ಲಿ ಸಾಲಾಗಿ ಬಿದ್ದಿದ್ದವು. ನ್ಯೂಯಾರ್ಕಿನ ಕಡೆಯಿಂದ ಹದಿನಾರು ಗಂಟೆ ಸಾಗರ ದಾಟಿ ಬಂದ, ನೀರ ಮೇಲೆ ಇಳಿಯುವ ವಿಮಾನ, ಬೆಳಿಗ್ಗೆ ಒಂಬತ್ತೂವರೆಗೆ ನನ್ನ ಲಾಂಚಿಗೆ ಇಳಿಸಿದ್ದು ಏಳು ಚೀಲ ಎಂದು ಕಾಗದ ಹೇಳುತ್ತಿತ್ತು. ಕಾಗದದ ಕೆಳಗೆ ನನ್ನ ರುಜು ಇತ್ತು.

"ಆರು," ಎಂದೆ.

"ಭೇಷ್! ಇವರಪ್ಪ ಬದುಕಿದ್ದಿದ್ರೆ ಮಿಠಾಯಿ ಹಂಚ್ತಿದ್ದ."

ಕಾಣೆಯಾದದ್ದು ಕೆಂಪು ಪಟ್ಟಿಯ ರಿಜಿಸ್ಟರ್ ಚೀಲ. ಅದರೊಳಗೆ ಏನಿತ್ತೆಂದು ಯಾರೂ ಬಾಯಿ ಬಿಡುತ್ತಿರಲಿಲ್ಲ. ಬ್ರುಂ ಧಣಿಯ ತುಟಿ ಬೆಳ್ಳಗಾಗಿದ್ದನ್ನು ನೋಡಿದರೆ ಪ್ರೇಮಪತ್ರಗಳಂತೂ ಆಗಿರಲಿಕ್ಕಿಲ್ಲ.

"ದಫೇದಾರರೇ, ಲೆಕ್ಕ ಸುಲಭ," ಎಂದು ಅವರು ಬಂದರು ಪೊಲೀಸ್ ಸೆರಾಫಿಂ ಕಡೆ ತಿರುಗಿದರು. "ಎಂಟೂವರೆಗೆ ಇವನ ಸೋದರಮಾವ ಗುಡ್ಡದ ಮೇಲಿಂದ ಮದ್ದಿನ ಬಾಣ ಹಾರಿಸ್ತಾನೆ. ತಿಮಿಂಗಿಲ ಅಂತ ಊರೆಲ್ಲ ಓಡುತ್ತೆ. ಲಾಂಚಿನ ಇನ್ನಿಬ್ಬರೂ ಓಡ್ತಾರೆ. ಇವನೊಬ್ಬನೇ ಉಳ್ಕೊತಾನೆ, ಇವನೊಬ್ಬನೇ ಹೋಗಿ ಚೀಲ ಇಳಿಸಿಕೊಳ್ತಾನೆ. ಈಗ ತಿಮಿಂಗಿಲ ಎಲ್ಲಿ? ಇಲ್ಲ. ಚೀಲ ಎಲ್ಲಿ? ಇಲ್ಲ. ಮಾವ ಅಳಿಯ ಸೇರಿ ಆಡಿದ ನಾಟಕ!"

ಜನ ಈಗ ನಗಲಿಲ್ಲ. ಅದು ನಗುವ ಮಾತಲ್ಲ. ನಮ್ಮ ದ್ವೀಪದಲ್ಲಿ ಬಾಣ ಸಿಡಿದರೆ ಕ್ಷೌರದವನು ಅರ್ಧ ಗಡ್ಡ ಬಿಟ್ಟು ಓಡುತ್ತಾನೆ, ಅರ್ಧ ಗಡ್ಡದವನೂ ಹಿಂದೆಯೇ ಓಡುತ್ತಾನೆ. ಬಡಗಿ, ಚಮ್ಮಾರ, ಅಂಚೆಯವನು, ಎಲ್ಲರೂ ಹುಟ್ಟು ಹಾಕುವವರೇ. ಸುಳ್ಳು ಬಾಣ ಹಾರಿಸುವುದೆಂದರೆ ಇಗರ್ಜಿಯಲ್ಲಿ ಸುಳ್ಳು ಗಂಟೆ ಬಾರಿಸಿದ್ದಕ್ಕಿಂತ ದೊಡ್ಡ ಪಾಪ. ಮತ್ತೆ, ಬಾಣ ಕೇಳಿಯೂ ಕದಲದ ಗಂಡಸು ಇಡೀ ಓರ್ತಾದಲ್ಲಿ ನಾನೊಬ್ಬನೇ. ಯಾಕೆ ಕದಲಲಿಲ್ಲ ಎಂದು ಕೇಳಿದರೆ ನನ್ನಲ್ಲಿ ಉತ್ತರವಿತ್ತು. ಅದು ಧಕ್ಕೆಯ ಮೇಲೆ ಹೇಳುವಂಥದ್ದಲ್ಲ.

ದಫೇದಾರ ಸೆರಾಫಿಂ ಹಗ್ಗದ ಗೂಟದ ಮೇಲೆ ಕೂತಿದ್ದ ನನ್ನ ಮಾವನ ಹತ್ತಿರ ಹೋದ. ದಫೇದಾರ ದೂರದ ಒಣನಾಡಿನಿಂದ ಬಂದವನು. ತಿಮಿಂಗಿಲವೂ ಅವನಿಗೆ ಮೀನೇ.

"ಏನು ಕಂಡೆ, ಅಜ್ಜ?"

"ಬಲೇಯಾ," ಎಂದ ಲೌರಿಯಾನು ಮಾವ. ತಿಮಿಂಗಿಲಕ್ಕೆ ನಮ್ಮ ಕೂಗು ಅದೊಂದೇ.

"ಎಲ್ಲಿ?"

"ಪಡುವಣಕ್ಕೆ ಏಳು ಮೈಲಿ."

"ದೋಣಿ ಹೋಗಿ ನೋಡಿದ್ರೆ ಏನೂ ಇರಲಿಲ್ಲವಂತೆ?"

"ನಾನು ಕಂಡದ್ದು ಹೇಳ್ದೆ."

ಅಷ್ಟು ಹೇಳಿ ಮಾವ ಕಡಲಿನ ಕಡೆ ತಿರುಗಿ ಕೂತ. ನನ್ನ ಕಡೆ ನೋಡಲಿಲ್ಲ. ಗುಡ್ಡದ ಮೇಲಿನ ಕಲ್ಲುಗೂಡಿನಲ್ಲಿ ನಲವತ್ತು ವರ್ಷ ಕಡಲು ಕಾದ ಕಣ್ಣು ಅವನದು. ಅಪ್ಪ ಮುಳುಗಿ ಸತ್ತ ಮೇಲೆ ನನ್ನನ್ನೂ ನನ್ನ ಅಣ್ಣ ತೊಮೆಯನ್ನೂ ಸಾಕಿದ್ದು ಆ ಕಣ್ಣಿನ ದುಡಿಮೆ. ಆಗಲೇ ಯಾರೋ ಗೂಡಿನ ಬೀಗದ ಕೈ ಅವನಿಂದ ಕಿತ್ತುಕೊಂಡಿದ್ದರು. ಸೊಂಟದ ಹುರಿ ಬರಿದಾಗಿ ನೇತಾಡುತ್ತಿತ್ತು. ತೊಮೆ ಇದ್ದಿದ್ದರೆ ಯಾರಾದರೂ ಒಬ್ಬನ ಹಲ್ಲು ಉದುರುತ್ತಿತ್ತು. ಅವನು ಕತ್ತಲಿರುವಾಗಲೇ ಮೀನಿಗೆ ಹೋದವನು ಇನ್ನೂ ಬಂದಿರಲಿಲ್ಲ.

"ಕೇಳು," ಎಂದ ದಫೇದಾರ ನನಗೆ. "ವಿಮಾನ ನಾಲ್ಕಕ್ಕೆ ಹಾರುತ್ತೆ. ಹೊರಡೋ ಟಪಾಲು ಮುಟ್ಟಿಸೋಕೆ ನೀನೇ ಬೇಕು. ಲಿಸ್ಬನ್ ಹಡಗು ಐದಕ್ಕೆ. ಅಷ್ಟರಲ್ಲಿ ಚೀಲ ಬಂತೋ ಸರಿ. ಇಲ್ಲಾಂದ್ರೆ ನೀನು, ನಿನ್ನ ಮಾವ, ಇಬ್ಬರಿಗೂ ಕೈಕೋಳ ಹಾಕಿ ಹಡಗು ಹತ್ತಿಸ್ತೀನಿ. ಅಲ್ಲೀತನಕ ಬೇಕಾದ ಕಡೆ ತಿರುಗಾಡು. ದ್ವೀಪ ಬಿಟ್ಟು ಎಲ್ಲಿಗೆ ಹೋಗ್ತೀಯ, ಈಜ್ಕೊಂಡು?"

ಆಮೇಲೆ ಕೇಳಲೇಬೇಕಾದ ಪ್ರಶ್ನೆ ಕೇಳಿದ.

"ಚೀಲ ಇಳಿಸಿಕೊಳ್ಳುವಾಗ ಎಣಿಸಿದ್ಯಾ?"

"ಇಲ್ಲ."

"ಯಾಕೆ? ಏನು ನೋಡ್ತಿದ್ದೆ?"

ಏನು ನೋಡುತ್ತಿದ್ದೆ!

ಅದನ್ನು ಅವನಿಗೆ ಹೇಳಲಿಲ್ಲ. ಓದುವ ನಿಮಗೆ ಹೇಳುತ್ತೇನೆ.

ಬಾಣ ಸಿಡಿದು ಊರು ಖಾಲಿಯಾದ ಮೇಲೆ ನಾನು ಲಾಂಚಿನಲ್ಲಿ ಒಬ್ಬನೇ ನಿಂತಿದ್ದೆ. ಗಾಳಿ ಒಂದಿಷ್ಟೂ ಇರಲಿಲ್ಲ. ಎದುರು ದ್ವೀಪದ ಪೀಕೊ ಪರ್ವತ ತಲೆಯ ಮೇಲೆ ಮೋಡದ ಟೋಪಿ ಇಟ್ಟು ಸುಮ್ಮನೆ ಕೂತಿತ್ತು. ಮೊದಲು ಸದ್ದು ಬಂತು. ಕಿವಿಗಲ್ಲ, ಎದೆಗೂಡಿಗೆ. ಲಾಂಚಿನ ತಳದಲ್ಲಿದ್ದ ತಗಡಿನ ಲೋಟ ತನ್ನಷ್ಟಕ್ಕೆ ನಡುಗತೊಡಗಿತು. ಆಮೇಲೆ ಬಂಡೆಯ ಮರೆಯಿಂದ ಅದು ಬಂತು.

ನಾವು ಅದನ್ನು ಕಗಾರ ಎಂದು ಕರೆಯುತ್ತೇವೆ. ಕಗಾರ ನಮ್ಮ ಬಂಡೆಗಳ ಹಕ್ಕಿ. ನೆಲಕ್ಕೆ ಬಿದ್ದರೆ ತಾನಾಗಿ ಏಳಲಾರದು, ಬಂಡೆಯ ಅಂಚಿನಿಂದ ಬಿದ್ದೇ ರೆಕ್ಕೆ ಬಿಚ್ಚಬೇಕು. ಬೀದಿಯಲ್ಲಿ ಬಿದ್ದ ಮರಿಗಳನ್ನು ನಾವು ಬುಟ್ಟಿಯಲ್ಲಿ ಹೊತ್ತು ಕಡಲಿಗೆ ಬಿಡುತ್ತೇವೆ. ಈ ವಿಮಾನವೂ ಹಾಗೇ. ಹೊಟ್ಟೆ ತುಂಬ ಎಣ್ಣೆ ಕುಡಿದ ಮೇಲೆ ನೀರಿನಿಂದ ಏಳಲಾರದು. ಹಡಗಿನ ಮೇಲೆ ಕವಣೆ ಕಟ್ಟಿ ಎಸೆಯುತ್ತಾರೆ. ಎಣ್ಣೆ ಸುಟ್ಟು ಹಗುರಾಗಿ ಬಂದಾಗ ಮಾತ್ರ ನೀರಿಗೆ ಇಳಿಯುವುದು, ಏಳುವುದು ಎರಡೂ ಅದಕ್ಕೆ ಆಟ.

ನಾಲ್ಕು ಎಂಜಿನ್. ಭುಜದಿಂದ ಕೆಳಗೆ ಬಾಗಿ, ಮತ್ತೆ ನೇರವಾಗಿ ಚಾಚಿದ ರೆಕ್ಕೆ. ಕಾಲಿನ ಜಾಗದಲ್ಲಿ ಎರಡು ದೋಣಿ, ಒಂದೊಂದೂ ನಮ್ಮ ತಿಮಿಂಗಿಲದ ದೋಣಿಗಿಂತ ಉದ್ದ. ನಾವು ಅವಕ್ಕೆ ಕಾಲುದೋಣಿ ಎನ್ನುತ್ತೇವೆ. ಅಷ್ಟು ದೊಡ್ಡ ಜೀವ ಅಷ್ಟು ಮೆತ್ತಗೆ ನೀರು ಮುಟ್ಟಿತು. ಎರಡು ಬಿಳಿ ಗೆರೆ ಎಳೆಯಿತು, ಗೆರೆ ಅಗಲವಾಯಿತು, ನಿಂತಿತು. ಎಂಜಿನ್ನುಗಳು ಒಂದೊಂದಾಗಿ ಸುಮ್ಮನಾದ ಮೇಲೆ ಕಾದ ಕಬ್ಬಿಣ ತಣಿಯುವ ಟಿಕ್ ಟಿಕ್ ಸದ್ದು.

ಲಾಂಚನ್ನು ಎಡಗಾಲುದೋಣಿಯ ಪಕ್ಕಕ್ಕೆ ತಂದು ಅಂಗೈ ಇಟ್ಟೆ. ಬಿಸಿಲಿತ್ತು, ಆದರೂ ಆ ಲೋಹ ತಣ್ಣಗಿತ್ತು. ಮೇಲಿನ ಚಳಿ ಇನ್ನೂ ಅದರ ಮೈಯಲ್ಲಿತ್ತು. ನನ್ನಜ್ಜ ಅಮೆರಿಕದಿಂದ ತಿಮಿಂಗಿಲದ ಹಡಗಿನಲ್ಲಿ ಮನೆಗೆ ಬರಲು ನಲವತ್ತು ದಿನ ತೆಗೆದುಕೊಂಡಿದ್ದ, ದಾರಿಯಲ್ಲಿ ಸತ್ತ ಮೂವರನ್ನು ನೀರಿಗೆ ಬಿಟ್ಟಿದ್ದ. ನಿನ್ನೆ ಅಲ್ಲಿ ಬರೆದ ಕಾಗದ ಇವತ್ತು ಬೆಳಿಗ್ಗೆ ಇಲ್ಲಿ. ಇದನ್ನು ಕಟ್ಟಿದವರೂ ಎರಡು ಕೈಯ ಮನುಷ್ಯರೇ. ಹಳದಿ ಮೀಸೆಯ ರೇಡಿಯೋದವನು ಮೇಲಿಂದ ಚೀಲ ಎಸೆದ. ಕಾಗದ ಚಾಚಿದ. ನಾನು ಎಂಜಿನ್ನಿನಿಂದ ಕಣ್ಣು ಕೀಳದೆ ರುಜು ಹಾಕಿದೆ.

ಬಾಯಿ ತೆರೆದುಕೊಂಡು ನಿಂತಿದ್ದೆ ಸ್ವಾಮಿ! ಬಾಣ ಕೇಳಿಯೂ ಓಡದೆ ಉಳಿದದ್ದು ಅದಕ್ಕೆ, ಚೀಲ ಎಣಿಸದೆ ಇದ್ದದ್ದೂ ಅದಕ್ಕೆ. ಇದನ್ನು ಧಕ್ಕೆಯ ಮೇಲೆ ಹೇಳಿದ್ದರೆ ಮೀನಿನ ಹೆಂಗಸರು ನನಗೆ ಇನ್ನೊಂದು ಹೆಸರಿಟ್ಟು ಸಾಯುವ ತನಕ ಕರೆಯುತ್ತಿದ್ದರು.

ಆದರೆ ಅಂಗೈ ನೆನಪಾದಾಗ ಇನ್ನೊಂದು ನೆನಪಾಯಿತು. ಕಾಲುದೋಣಿಯಿಂದ ಕೈ ತೆಗೆದಾಗ ಅಂಗೈ ಬೆಳ್ಳಗಿತ್ತು. ನೆಕ್ಕಿ ನೋಡಿದ್ದೆ. ಉಪ್ಪು. ಒಣಗಿದ ಉಪ್ಪು.

ಧಕ್ಕೆಯ ಮೇಲೆ ನಿಂತಲ್ಲೇ ನನ್ನ ಬೆನ್ನು ನೆಟ್ಟಗಾಯಿತು. ನ್ಯೂಯಾರ್ಕಿನ ಕಡೆ ಅದನ್ನು ಹಡಗಿನ ಕವಣೆಯಿಂದ ಎಸೆದಿದ್ದಾರೆ. ಕಾಲು ಒದ್ದೆಯಾಗದೆ ಹೊರಟದ್ದು. ಇಲ್ಲಿ ನೀರಿಗಿಳಿದು ಎರಡು ನಿಮಿಷ ಆಗಿರಲಿಲ್ಲ; ಕೆಳಗೆಲ್ಲ ನೀರು ಸೋರುತ್ತಿತ್ತು. ಹಾಗಾದರೆ ಮೇಲ್ಭಾಗದಲ್ಲಿ ಒಣಗಿದ ಉಪ್ಪು ಎಲ್ಲಿಂದ ಬಂತು? ಕಗಾರ ಓರ್ತಾಕ್ಕೆ ಬರುವ ಮೊದಲು ಇನ್ನೆಲ್ಲೋ ಒಂದು ಸಲ ಕಡಲಿಗೆ ಇಳಿದಿದೆ. ಇಳಿದು, ಎದ್ದು, ಹಾರುತ್ತಾ ಒಣಗಿದೆ.

ನಲವತ್ತು ನಿಮಿಷ ತಡವಾಗಿ ಬಂದಿತ್ತು. ಎದುರುಗಾಳಿ ಎಂದಿದ್ದರು. ಬೇಕರಿಯ ಹೊಗೆ ಕಂಬದಂತೆ ನೆಟ್ಟಗೆ ನಿಂತ ಬೆಳಗಿನಲ್ಲಿ ಎದುರುಗಾಳಿ!

ಮಾವ ಕಂಡದ್ದು ತಿಮಿಂಗಿಲದ ಉಸಿರಲ್ಲ, ಕಗಾರ ಚಿಮ್ಮಿಸಿದ ನೀರು. ಚೀಲ ನನ್ನ ಲಾಂಚಿಗೆ ಬರುವ ಮೊದಲೇ ಹೋಗಿತ್ತು. ನಾನು ಕುಣಿಯುವುದೊಂದು ಬಾಕಿ. ಯಾರಿಗೂ ಏನೂ ಹೇಳದೆ ಪೋರ್ತು ಪಿಂ ಕೊಲ್ಲಿಯ ದೋಣಿಮನೆಗಳ ಕಡೆ ಓಡಿದೆ. ಪಡುವಣದ ಏಳು ಮೈಲಿಯ ಜಾಗದಲ್ಲಿ ಬೆಳಿಗ್ಗೆ ನಿಂತು ಬಂದ ದೋಣಿ ಮೇಸ್ತ್ರಿ ಜೆರ್ಮಾನುವಿನದು.

ದಾರಿಯಲ್ಲಿ ಅಣ್ಣ ತೊಮೆಯ ದೋಣಿ ಎಳೆಯುವ ಇಳಿಜಾರು ಖಾಲಿ ಇತ್ತು. ಅವನ ದೋಣಿಗೆಂದು ನಾನು ಬಣ್ಣ ಬೆರೆಸಿದ ಡಬ್ಬ ಇನ್ನೂ ಅಲ್ಲೇ ಬಿದ್ದಿತ್ತು. ಮಾವನ ಕಿಟಕಿಗೆ ಹಚ್ಚಿ ಉಳಿದ ಹಸಿರು, ದೋಣಿಯ ಬಿಳಿ, ಸಾಲದ್ದಕ್ಕೆ ಒಂದು ಹಿಡಿ ಒಲೆಯ ಮಸಿ. ಬಾಡಿದ ಕೋಸಿನ ಬಣ್ಣ ಎಂದು ಊರೆಲ್ಲ ನಕ್ಕಿತ್ತು. "ದೂರದಿಂದಲೇ ಗೊತ್ತಾಗುತ್ತೆ ಬಿಡು, ಕದಿಯೋಕೆ ಯಾರಿಗೂ ಮನಸಾಗಲ್ಲ," ಎಂದಿದ್ದ ಮಾವ. ಇಡೀ ದ್ವೀಪದಲ್ಲಿ ಆ ಬಣ್ಣದ ದೋಣಿ ಇನ್ನೊಂದಿಲ್ಲ.

ಜೆರ್ಮಾನು ಮತ್ತು ಅವನ ಆಳುಗಳು ದೋಣಿಯನ್ನು ಮಗ್ಗುಲಾಗಿಸಿ, ಮರಳು ಸೋಪು ಹಾಕಿ ಉಜ್ಜುತ್ತಿದ್ದರು.

"ಮೇಸ್ತ್ರಿ, ಎಷ್ಟು ದೊಡ್ಡದು ಹೊಡೆದ್ರಿ?"

"ಉರಿಯೋ ಜಾಗಕ್ಕೆ ಉಪ್ಪು ಉಜ್ಜೋಕೆ ಬಂದ್ಯಾ? ಹೋಗೋ, ಹೋಗಿ ನಿನ್ನ ಚೀಲ ಹುಡುಕ್ಕೋ."

"ಹೊಡೀದೇ ಇದ್ರೆ ದೋಣಿಗೆ ಸೋಪು ಯಾಕೆ?"

ಬ್ರಶ್ಶು ನಿಂತಿತು.

ಬರಿಗೈಲಿ ಬಂದ ದೋಣಿಗೆ ನಾವು ಎರಡು ಕೊಡ ನೀರು ಎರಚಿ ಒಳಗೆ ತಳ್ಳುತ್ತೇವೆ. ಸೋಪು ಮುಟ್ಟಿಸುವುದು ತಿಮಿಂಗಿಲ ಸಿಕ್ಕ ದಿನ ಮಾತ್ರ, ಕೊಬ್ಬು ಹತ್ತಿದಾಗ. ನಾನು ಬಗ್ಗಿ, ನೀರಿನ ಗೆರೆಯ ಉದ್ದಕ್ಕೂ ಅಂಟಿದ್ದ ಕಂದು ಜಿಡ್ಡಿನ ಮೇಲೆ ಬೆರಳೆಳೆದು ಮೂಸಿದೆ. ತಿಮಿಂಗಿಲದ ವಾಸನೆಯಲ್ಲ. ಬೆಳಿಗ್ಗೆ ನನ್ನ ಮೂಗಿನ ತುಂಬ ಇದ್ದ ವಾಸನೆ. ಕಗಾರದ ಎಂಜಿನ್ನಿನದು.

"ಮುಟ್ಬೇಡ!" ಎಂದ ಜೆರ್ಮಾನು. ಆಮೇಲೆ ಆಳುಗಳಿಗೆ, "ನಿಂತು ನೋಡ್ತೀರಲ್ಲ, ಹೋಗಿ ನೀರು ತನ್ನಿ. ಎಲ್ಲರೂ ಹೋಗಿ. ಒಂದು ಕೊಡಕ್ಕೆ ಆರು ಜನ!"

ಅವರು ಹೋದರು. ಅವನು ದೋಣಿಯ ಅಂಚಿಗೆ ಒರಗಿ ಕೂತು ಮೀಸೆ ನೀವಿಕೊಂಡ. ಅರುವತ್ತು ತುಂಬಿದವನು. ಕೈ ನೋಡಿದರೆ ಹುಟ್ಟಿನ ಮರವೋ ಕೈಯೋ ತಿಳಿಯದು.

"ಹೇಳಿ ಮೇಸ್ತ್ರಿ."

"ಏನು ಹೇಳ್ಲಿ? ಹಾಯಿ ಎತ್ತೋಕೆ ಗಾಳಿ ಇಲ್ಲ, ಹುಟ್ಟು ಹಾಕ್ಕೊಂಡೇ ಹೋದ್ವಿ. ಅರ್ಧ ದಾರೀಲಿ ಆ ನಿಮ್ಮ ಹಕ್ಕಿ ತಲೆ ಮೇಲೇ ಹಾರ್ಕೊಂಡು ಹೋಯ್ತು. ಈ ಸದ್ದಿಗೆ ತಿಮಿಂಗಿಲ ಮುಳುಗೇ ಮುಳುಗುತ್ತೆ ಅಂತ ಅದರ ವಂಶಕ್ಕೆಲ್ಲ ಬೈದೆ. ಹೋಗಿ ನೋಡಿದ್ರೆ ನೀರು ನುಣ್ಣಗೆ ಹೊಳೀತಾ ಇದೆ. ಸುತ್ತ ಸಣ್ಣ ಅಲೆ, ನಡುವೆ ಕನ್ನಡಿ. ತಿಮಿಂಗಿಲ ಮುಳುಗಿದ ಜಾಗ ಹಂಗೇ ಇರುತ್ತೆ, ನಿಂಗೊತ್ತು."

"ಗೊತ್ತು."

"ಇಲ್ಲೇ ಕೆಳಗಿದೆ, ಉಸಿರಿಗೆ ಮೇಲೆ ಬರುತ್ತೆ ಅಂತ ಕಾದ್ವಿ."

"ಎಷ್ಟು ಹೊತ್ತು?"

"ಒಂದು ಗಂಟೆ."

"ಮಾತಾಡದೆ?"

"ಕೆಮ್ಮದೆ ಕಣೋ! ಈಟಿ ಎತ್ತಿ ಹಿಡಿದವನು ಹಿಡಿದ ಹಾಗೇ. ಕೊನೆಗೆ ಅವನೇ ಕೈ ಅದ್ದಿ ಮೂಸಿ ನೋಡ್ದ. 'ಮೇಸ್ತ್ರಿ, ಲಾರಿ ವಾಸನೆ' ಅಂದ."

ನಗು ಬಂತು. ನಗಲಿಲ್ಲ. ನಕ್ಕಿದ್ದರೆ ಅವನು ನನ್ನನ್ನು ಅಲ್ಲೇ ಹುಟ್ಟಿನಿಂದ ಬಡಿಯುತ್ತಿದ್ದ.

"ಏಳು ಜನ ಗಂಡಸರು," ಎಂದ ಜೆರ್ಮಾನು, ತನ್ನಲ್ಲೇ. "ಲಾರಿ ಎಣ್ಣೆ ಮೇಲೆ ಒಂದು ಗಂಟೆ ಉಸಿರು ಬಿಗಿ ಹಿಡ್ಕೊಂಡು. ಎದುರು ದ್ವೀಪದ ಪೀಕೊದವರ ಕಿವಿಗೆ ಬಿದ್ರೆ ಹಾಡು ಕಟ್ತಾರೆ. ನನ್ನ ಮೊಮ್ಮಗನ ಮದುವೇಲಿ ಬಂದು ಹಾಡ್ತಾರೆ."

"ಇದನ್ನೇ ದಫೇದಾರನ ಮುಂದೆ ಹೇಳಿ."

"ಸಾಧ್ಯ ಇಲ್ಲ."

"ಮೇಸ್ತ್ರಿ! ನಿಮಗೆ ಹಾಡಿನ ಭಯ. ನನಗೆ ಕೈಕೋಳ. ಮಾವ ಆ ಹಡಗು ಹತ್ತಿದ್ರೆ ವಾಪಸ್ ಬರ್ತಾನಾ? ನಲವತ್ತು ವರ್ಷ ನಿಮ್ಮ ಹೊಟ್ಟೆಗೆ ಅನ್ನ ತೋರಿಸಿದವನು. ಆಗ ಧಕ್ಕೆ ಮೇಲೆ ಅವನ ಸೊಂಟದ ಬೀಗದ ಕೈ ಕಿತ್ಕೊಂಡಾಗ ನೀವೂ ಅಲ್ಲೇ ನಿಂತಿದ್ರಿ. ಲಾರಿ ಎಣ್ಣೆ ಗಂಟಲಲ್ಲಿ ಇಟ್ಕೊಂಡು ನಿಂತಿದ್ರಿ!"

ಅವನು ಏಳಲು ಹೋಗಿ ಕೂತ. ಕೆನ್ನೆ ಕೆಂಪಾಗಿತ್ತು.

"ನಿನ್ನ ಬಾಯಿ ನಿಮ್ಮಪ್ಪಂದೇ," ಎಂದ. "ಕೇಳಿಲ್ಲಿ. ನಾನು ಹೇಳಿದ್ರೂ ಏನು ಸಿಗುತ್ತೆ? ವಿಮಾನ ಇಳೀತು, ಎಣ್ಣೆ ಚೆಲ್ತು. ಇಳಿದ್ರೆ ಕಳ್ಳತನವಾ? ಎಂಜಿನ್ ಕೆಟ್ಟಿತ್ತು ಅಂತಾರೆ. ಚೀಲಾನ ಮೀನಿಗೆ ಕೊಟ್ರಾ? ಅಲ್ಲಿ ಇನ್ನೊಂದು ದೋಣಿ ಇದ್ದಿರಬೇಕು. ನಡುಗಡಲಲ್ಲಿ ಮರದ ದೋಣಿ ಆ ಹಕ್ಕಿ ಕಾಲಿಗೆ ಒತ್ತಿ ನಿಂತ್ರೆ ಗುರುತು ಬಿಡದೇ ಇರಲ್ಲ. ಗುರುತು ತಗೊಂಡು ಬಾ. ಆಮೇಲೆ ನಾನು ಟೋಪಿ ತೆಗೆದು ಊರ ಮುಂದೆ ಎಲ್ಲಾ ಹೇಳ್ತೀನಿ, ಹಾಡು ಕಟ್ಟಿದ್ರೆ ಕಟ್ಕೊಳ್ಳಲಿ."

ನಾನು ಆಗಲೇ ತಿರುಗಿದ್ದೆ.

"ವಿತಾಲಿನು," ಎಂದು ಕರೆದ. "ಒಂದು ಮಾತು ನನಗೆ ಹೊಂದ್ತಾ ಇಲ್ಲ. ತಿಮಿಂಗಿಲ ಉಗುಳೋದು ಮುಂದಕ್ಕೆ, ಎಡಕ್ಕೆ ಓರೆ. ವಿಮಾನದ ನೀರು ಹಂಗೆ ಏಳುತ್ತಾ? ಲೌರಿಯಾನುಗೆ ಅದ್ಯಾವುದು ಇದ್ಯಾವುದು ಗೊತ್ತಾಗಲ್ವಾ? ಏಳು ಮೈಲೀಲಿ ಒಂದು ಕಗಾರ ಮರಿ ರೆಕ್ಕೆ ಕೆದರಿದ್ರೂ ಹೇಳೋ ಮನುಷ್ಯ."

"ವಯಸ್ಸಾಯ್ತು ಮೇಸ್ತ್ರಿ," ಎಂದು ಓಡಿದೆ. ನನ್ನ ಗೆಲುವಿನ ಅಮಲಿನಲ್ಲಿ ಆ ಮಾತು ಕಿವಿಯ ಹೊರಗೇ ಉಳಿಯಿತು.

ಮೂರೂವರೆಗೆ, ಹೊರಡುವ ಟಪಾಲು ತುಂಬಿಕೊಂಡು ಲಾಂಚು ಬಿಟ್ಟೆ. ಈ ಸಲ ಬ್ರುಂ ಧಣಿ ತಾವೇ ಗಟ್ಟಿಯಾಗಿ ಎಣಿಸಿದರು, ಪ್ರತಿ ಅಂಕಿಗೂ ನನ್ನ ಮುಖ ನೋಡುತ್ತಾ. ಕಾವಲಿಗೆ ದಫೇದಾರ ಕೂತ. ಬಂದರಿನ ಗೋಡೆ ದಾಟುವ ಮೊದಲೇ ಅವನ ಮುಖ ಹಸಿರಾಯಿತು.

"ಇನ್ನೂ ಎಷ್ಟು ದೂರ?"

"ಇನ್ನೂ ಹೊರಟೇ ಇಲ್ಲ, ದಫೇದಾರರೇ."

ಕವಣೆ ಹಡಗಿನ ಏಣಿ ತೂಗಾಡುತ್ತಿತ್ತು. ಅದನ್ನು ನೋಡಿ ಅವನು ಕಣ್ಣು ಮುಚ್ಚಿದ. "ನೀನೇ ಹತ್ತಿ ಕೊಟ್ಟು ಬಾ. ಓಡಿ ಹೋಗೋದಾದ್ರೆ ದೇವರಾಣೆ ನಾನು ಹಿಂದೆ ಬರಲ್ಲ," ಎಂದು ಲಾಂಚಿನ ಅಂಚಿಗೆ ತಲೆ ಇಟ್ಟ.

ಚೀಲ ಹೆಗಲಿಗೆ ಹಾಕಿ ಮೇಲೆ ಹತ್ತಿದೆ. ಮತ್ತೆ ನನ್ನ ಕಾಲು ತಾನಾಗಿ ನಿಂತಿತು.

ನೀರಿನ ಮೇಲೆ ನೋಡಿದ್ದು ಅರ್ಧ. ಈಗ ಅದು ಕವಣೆಯ ಬಂಡಿಯ ಮೇಲೆ ಪೂರ್ತಿ ನಿಂತಿತ್ತು, ಕಾಲಿನಿಂದ ತಲೆಯ ತನಕ. ನಾನು ಅದರ ಹೊಟ್ಟೆಯ ಕೆಳಗೆ. ಕಾಲುದೋಣಿಯ ತಳ ನನ್ನ ತಲೆಗಿಂತ ಮೇಲೆ, ಒಳ್ಳೆಯ ಬಡಗಿ ಕೆತ್ತಿದ ದೋಣಿಯ ತಳದಷ್ಟೇ ಚೂಪು, ನೇರ. ಒಂದೇ ಒಂದು ದಪ್ಪ ಕಂಬ ಕಾಲುದೋಣಿಯಿಂದ ರೆಕ್ಕೆಗೆ ಹೋಗುತ್ತಿತ್ತು. ನೂರು ಆಳು ಎಳೆದರೂ ಬಗ್ಗದು ಎನಿಸುವ ಕಂಬ. ರೆಕ್ಕೆಯ ನೆರಳಿನಲ್ಲಿ ಹತ್ತು ಹನ್ನೆರಡು ಜನ ಓಡಾಡುತ್ತಿದ್ದರು. ಎಲ್ಲರೂ ಸಣ್ಣವರಾಗಿದ್ದರು, ಇಗರ್ಜಿಯೊಳಗೆ ದೊಡ್ಡವರೂ ಸಣ್ಣವರಾಗುವಂತೆ. ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ನನಗೆ ಟೋಪಿ ತೆಗೆಯಬೇಕೆನಿಸಿತು. ತೆಗೆದೂಬಿಟ್ಟೆ.

ನನ್ನ ಮೇಲೆ ನನಗೇ ಸಿಟ್ಟು ಬಂತು. ಇದೇ ಅಲ್ಲವೇ ನನ್ನನ್ನು ಕೆಡಿಸಿದ್ದು! ಟೋಪಿ ಹಾಕಿಕೊಂಡೆ.

ಹಳದಿ ಮೀಸೆಯವನು ಮೇಲಿನ ಬಾಗಿಲಲ್ಲಿ ಕೂತು ಚೀಲ ತೆಗೆದುಕೊಂಡ. ಬೆಳಿಗ್ಗೆ ನನ್ನ ಮುಖವನ್ನೇ ನೋಡದವನು ಈಗ ನೋಡಿದ. ನಾನು ಎಡಗಾಲುದೋಣಿಯ ಕಡೆ ಕಣ್ಣು ಹಾಯಿಸಿದಾಗ ಅವನ ಕಣ್ಣೂ ಅಲ್ಲಿಗೇ ಹೋಯಿತು. ಥಟ್ಟನೆ ಕೆಳಗಿದ್ದ ಒಬ್ಬ ಕೆಲಸದವನಿಗೆ ಅವರ ಭಾಷೆಯಲ್ಲಿ ಏನೋ ಕೂಗಿದ. ಕೆಲಸದವನು ಅರಿವೆಯನ್ನು ಎಣ್ಣೆಯ ಡಬ್ಬಕ್ಕೆ ಅದ್ದಿಕೊಂಡು ಕಾಲುದೋಣಿಯ ಮುಂದಿನ ತುದಿಯಿಂದ ಒರೆಸುತ್ತಾ ಬಂದ.

ನಾನು ಹಿಂದಿನ ತುದಿಯಿಂದ ಬಂಡಿಯ ಕಬ್ಬಿಣ ಹತ್ತಿ ಹುಡುಕಿದೆ. ಮೊದಲ ಮೊಳದಲ್ಲಿ ಏನೂ ಇಲ್ಲ. ಎರಡನೆಯದರಲ್ಲಿ ಏನೂ ಇಲ್ಲ. ಅರಿವೆ ಹತ್ತಿರ ಬರುತ್ತಿತ್ತು. ಹೊರಮಗ್ಗುಲಲ್ಲಿ, ಸಣ್ಣ ಮೀನುದೋಣಿಯ ಅಂಚು ತಾಗುವಷ್ಟೇ ಎತ್ತರದಲ್ಲಿ, ಮೊಳೆಯ ತಲೆಗಳ ಸಾಲಿಗೆ ಏನೋ ಉಜ್ಜಿ ಹೋಗಿತ್ತು. ಮೊಳೆಗಳ ಸಂದಿಯಲ್ಲಿ ಬಣ್ಣ.

ಚಾಕು ತೆಗೆದು ಎಬ್ಬಿಸಿದೆ. ಉಗುರಿನಷ್ಟು ದೊಡ್ಡ ಒಂದು ಚಕ್ಕೆ ಅಂಗೈಗೆ ಬಿತ್ತು. ಮರುಗಳಿಗೆ ಅರಿವೆ ಆ ಜಾಗದ ಮೇಲೆ ಹಾದು ಹೋಯಿತು. ಉಳಿದದ್ದೆಲ್ಲ ಅಳಿಸಿತು. ಜಗತ್ತಿನಲ್ಲಿ ಸಾಕ್ಷಿ ಎಂಬುದು ಈಗ ಇದ್ದದ್ದು ನನ್ನ ಅಂಗೈಯಲ್ಲಿ ಮಾತ್ರ.

ಬಿಸಿಲಿಗೆ ಹಿಡಿದು ನೋಡಿದೆ.

ಹಸಿರಲ್ಲ. ಬಿಳಿಯಲ್ಲ. ಬಾಡಿದ ಕೋಸು. ಚಕ್ಕೆಯ ಒಳಮೈಯಲ್ಲಿ ಒಲೆಯ ಮಸಿಯ ಒಂದು ಕಪ್ಪು ಕಾಳು, ನಾನು ಸರಿಯಾಗಿ ಅರೆಯದೆ ಬಿಟ್ಟದ್ದು.

ಕೊಂಬು ಕೂಗಿತು. ಎಲ್ಲರನ್ನೂ ಕೆಳಗಿಳಿಸಿದರು. ನಾನು ಏಣಿ ಇಳಿದದ್ದು, ಲಾಂಚು ದೂರ ತಂದದ್ದು ನೆನಪಿಲ್ಲ.

ನಾಲ್ಕು ಎಂಜಿನ್ ಒಟ್ಟಿಗೆ ಎದ್ದವು. ಧಕ್ಕೆಯ ಮೇಲೆ ಮೀನಿನ ಹೆಂಗಸರು ಶಿಲುಬೆಯ ಗುರುತು ಮಾಡಿಕೊಳ್ಳುವುದು ಅಷ್ಟು ದೂರದಿಂದಲೂ ಕಂಡಿತು. ಒಂದು ಬಾವುಟ ಇಳಿಯಿತು. ಫಿರಂಗಿ ಹಾರಿದಂಥ ಸದ್ದು. ಹಡಗಿಗೆ ಹಡಗೇ ಹಿಂದಕ್ಕೆ ಜಗ್ಗಿತು. ಆ ಅಷ್ಟು ಭಾರ ಎರಡು ಉಸಿರಿನಲ್ಲಿ ನಿಂತಲ್ಲಿಂದ ಆಕಾಶದ ಅಂಚಿಗೆ ಹೋಗಿ ಬಿತ್ತು. ಬಿತ್ತು ಎಂದೇ ಅಂದುಕೊಂಡೆ, ಪ್ರತಿ ಸಲ ಹಾಗೇ ಅಂದುಕೊಳ್ಳುತ್ತೇನೆ. ನೀರಿನತ್ತ ಕುಸಿಯಿತು. ಕಾಲುದೋಣಿಗಳ ನೆರಳು ಅಲೆಯ ಮೇಲೆ ಅಲೆಗಿಂತ ಕಪ್ಪಗೆ ಓಡಿತು. ಇನ್ನೊಂದಾಳುದ್ದ ಕುಸಿದಿದ್ದರೆ ಮುಗಿಯುತ್ತಿತ್ತು. ಗಾಳಿ ಅದನ್ನು ಕೈಯೊಡ್ಡಿ ಹಿಡಿಯಿತು. ನಿಧಾನವಾಗಿ, ಬಲು ನಿಧಾನವಾಗಿ ಪೀಕೊ ಪರ್ವತದ ಸೊಂಟದ ಎತ್ತರಕ್ಕೆ ಏರಿ, ಮೂಡಣಕ್ಕೆ ಹೊರಳಿತು.

ತಲೆ ಎತ್ತಿದ ದಫೇದಾರ ವಾಂತಿಯನ್ನೂ ಮರೆತಿದ್ದ. "ಅಮ್ಮಾ ತಾಯಿ," ಎಂದ ಮೆಲ್ಲಗೆ. "ಬೆಳಿಗ್ಗೆ ನೀನು ನೋಡ್ತಿದ್ದದ್ದು ಇದನ್ನಾ?"

ನಾನು ತಲೆಯಾಡಿಸಿದೆ. ಇಡೀ ದಿನದಲ್ಲಿ ನನ್ನನ್ನು ನಂಬಿದ ಮೊದಲ ಮನುಷ್ಯ. ಚಕ್ಕೆಯನ್ನು ಮುಷ್ಟಿಯಲ್ಲಿ ಬಿಗಿ ಹಿಡಿದು ಲಾಂಚನ್ನು ಧಕ್ಕೆಯ ಕಡೆ ತಿರುಗಿಸಿದೆ.

ಜೆರ್ಮಾನುವಿಗೆ ಹೊಂದದ ಮಾತು ನನಗೆ ಈಗ ಹೊಂದಿಕೊಂಡಿತ್ತು. ಮಾವ ತಪ್ಪಾಗಿ ಕಂಡಿರಲೇ ಇಲ್ಲ. ಕಗಾರ ಕಡಲಿಗೆ ಇಳಿದದ್ದನ್ನು ಕಂಡ. ಬಿದ್ದಿತು, ಒಳಗಿನ ಜನ ಸಾಯುತ್ತಾರೆ ಎಂದುಕೊಂಡ. ಗುಡ್ಡದ ಮೇಲಿಂದ ದೋಣಿಗಳನ್ನು ಅಟ್ಟಲು ಅವನ ಕೈಯಲ್ಲಿದ್ದದ್ದು ಬಾಣ ಒಂದೇ, ಹಾರಿಸಿದ. ಆಮೇಲೆ ದುರ್ಬೀನು ಕಣ್ಣಿಗಿಟ್ಟ. ಆಗ ಕಂಡದ್ದು ಆ ಬಣ್ಣ. ಅಲ್ಲಿಂದಾಚೆಗೆ ಅವನು ಆಡಿದ್ದು ಒಂದೇ ಪದ. ನಲವತ್ತು ವರ್ಷದಲ್ಲಿ ಅವನು ಹೇಳಿದ ಮೊದಲ ಸುಳ್ಳು.

ಧಕ್ಕೆಯ ಮೇಲೆ ಎಲ್ಲರೂ ಇದ್ದರು. ಲಿಸ್ಬನ್ ಹಡಗು ಮೊದಲ ಸಿಳ್ಳೆ ಹಾಕಿತ್ತು. ಜೆರ್ಮಾನು ತನ್ನ ಆರು ಆಳುಗಳ ಮುಂದೆ ನಿಂತಿದ್ದ, ಹಬ್ಬದ ಅಂಗಿ ಹಾಕಿಕೊಂಡು. ನಾನು ಮೆಟ್ಟಿಲು ಹತ್ತುತ್ತಿದ್ದಂತೆ ಟೋಪಿ ತೆಗೆದ.

"ಸಿಕ್ತಾ?" ಎಂದ. "ಸಿಕ್ತು ಅಂತ ಒಂದು ಮಾತು ಹೇಳು. ನಾನು ತಯಾರಿದೀನಿ."

"ಏನು ಸಿಗೋದು? ಏನದು ಕೈಲಿ?" ಎಂದ ದಫೇದಾರ.

ಬೆರಳು ಬಿಚ್ಚಿದರೆ ಮುಗಿಯಿತು. ಬಣ್ಣ ಯಾರದೆಂದು ನಾನು ಹೇಳಬೇಕಾಗಿಯೂ ಇರಲಿಲ್ಲ; ಮೀನಿನ ಹೆಂಗಸರೇ ಕೂಗಿ ಹೇಳುತ್ತಿದ್ದರು. ನಾನೂ ಮಾವನೂ ಮನೆಗೆ ಹೋಗಬಹುದಿತ್ತು. ತೊಮೆ ಆ ಹಡಗು ಹತ್ತಬೇಕಿತ್ತು.

ಮಾವ ಗೂಟದ ಮೇಲಿಂದ ಎದ್ದಿದ್ದ. ನನ್ನ ಮುಖ ನೋಡಲಿಲ್ಲ. ಏಳು ಮೈಲಿ ಕಾಣುವ ಆ ಕಣ್ಣು ಹತ್ತು ಹೆಜ್ಜೆ ದೂರದಿಂದ ನನ್ನ ಮುಷ್ಟಿಯನ್ನು ನೋಡಿತು. ಬೆರಳ ಸಂದಿಯಲ್ಲಿ ಸಾಸಿವೆಯಷ್ಟು ಬಣ್ಣ ಇಣುಕುತ್ತಿತ್ತೇನೋ. ನನ್ನ ಪಕ್ಕಕ್ಕೇ ಬಂದು ನಿಂತ.

"ಬಲೇಯಾ ಮಗಾ," ಎಂದ, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ. "ನಾನು ಕಂಡದ್ದು ಬಲೇಯಾ."

"ಏನಪ್ಪಾ ವಿದ್ವಾಂಸ," ಎಂದರು ಬ್ರುಂ ಧಣಿ ಜನರ ಕಡೆ ತಿರುಗಿ, ಕೈ ಬೆನ್ನಿಗೆ ಕಟ್ಟಿಕೊಂಡು. "ಮಧ್ಯಾಹ್ನದಲ್ಲಿ ಏನಾದ್ರೂ ಪಾಠ ಆಯ್ತಾ? ಎಣಿಸೋಕೆ ಬಂತಾ? ಎಷ್ಟು ಚೀಲ ಹೇಳು, ಕೇಳೋಣ."

ಎಲ್ಲರೂ ನನ್ನ ಬಾಯಿ ನೋಡಿದರು. ಅವರ ತಲೆಗಳಾಚೆ, ಬಂದರಿನ ಗೋಡೆಯ ತುದಿಯನ್ನು ಬಳಸಿ ಬಾಡಿದ ಕೋಸಿನ ಬಣ್ಣದ ಒಂದು ಸಣ್ಣ ದೋಣಿ ಒಳಗೆ ಬರುತ್ತಿತ್ತು. ಅದರೊಳಗೆ ನಿಂತವನು ಕೈ ಬೀಸುತ್ತಿದ್ದ, ಏನೂ ಆಗದವನಂತೆ. ಯಾರೂ ಇನ್ನೂ ಆ ಕಡೆ ತಿರುಗಿರಲಿಲ್ಲ.

"ವಿತಾಲಿನು! ಕೈ ಬಿಚ್ಚು," ಎಂದ ದಫೇದಾರ.

ನಾನು ಮುಷ್ಟಿಯನ್ನು ಜೇಬಿಗೆ ಇಳಿಸಿದೆ. ಜೆರ್ಮಾನುವಿನ ಪಕ್ಕ ಹಾದೆ, ಬ್ರುಂ ಧಣಿಯ ಪಕ್ಕ ಹಾದೆ, ಜನ ಬಿಟ್ಟುಕೊಟ್ಟ ದಾರಿಯಲ್ಲಿ ಗೋಡೆಯ ತುದಿಯ ಕಡೆಗೆ ನಡೆಯತೊಡಗಿದೆ. ಹಿಂದಿನಿಂದ ದಫೇದಾರನ ಸೀಟಿ ಕೂಗಿತು. ನಾನು ತಿರುಗಲಿಲ್ಲ.